ಕಟ್ಟೆಯ ಕೆಲಸವೂ ಕನ್ನಡ ಸಾಹಿತ್ಯವೂ

ಕನ್ನಡ ಶಾಸನಗಳನ್ನು ತಕ್ಕಮಟ್ಟಿಗಾದರೂ ಓದಿದವರಿಗೆ ‘ಕಟ್ಟಿಸಿದನು’, ‘ಅಗೆಸಿದನು’, ‘ತೋಡಿಸಿದನು’ ಎಂಬ ಕ್ರಿಯಾಪದಗಳ ಪರಿಚಯವು ಚೆನ್ನಾಗಿ ಇರುವದು. ಕೆರೆಯನ್ನು ಕಟ್ಟಿಸಿದವನು ಅರಸನು. ಬಾವಿಯನ್ನು ತೋಡಿಸಿದವಳು ರಾಣಿಯು. ಕಾಲುವೆಯನ್ನು ತೆಗೆಸಿದವನು ದಂಡನಾಯಕನು. ನಮ್ಮ ಭಾಷೆಯಲ್ಲಿ ಒಂದು ‘ಇಸು’ ಪ್ರತ್ಯಯವನ್ನು ಹಚ್ಚಿದ ಮಾತ್ರಕ್ಕೆ ಸಾವಿರ ಕೈಗಳು ಹಿಂದೆ ಸರಿದು ಒಂದು ಹೆಸರು ಮುಂದೆ ಬಂದು ನಿಲ್ಲುವದು. ವೈಯಾಕರಣರು ಇದಕ್ಕೆ ಪ್ರೇರಣಾರ್ಥಕವೆಂದು ಹೆಸರಿಟ್ಟಿರುವರು. ಪ್ರೇರಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಪ್ರೇರಿತರಾಗಿ ಮಣ್ಣು ಹೊತ್ತವರು ಏನನ್ನು ಉಂಡರು, ಎಲ್ಲಿ ಮಲಗಿದರು, ಕುಡಿಯುವ ನೀರನ್ನು ಎಷ್ಟು ದೂರದಿಂದ ತಂದರು ಎಂಬುದಾವುದೂ ಉಳಿಯಲಿಲ್ಲ. ಶಾಸನಕ್ಕೆ ಅದು ಬೇಕಾಗಿಯೂ ಇರಲಿಲ್ಲ; ಅದು ದಾನದ ಪತ್ರ, ದಿನಚರಿಯಲ್ಲ. ಆದರೆ ಕಾವ್ಯಕ್ಕೂ ಕತೆಗೂ ಅದು ಬೇಡವಾದದ್ದೇಕೆಂಬುದು ವಿಮರ್ಶೆಯು ಕೇಳತಕ್ಕ ಪ್ರಶ್ನೆಯೇ ಸರಿ.

ಈ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಕೇಳುವದಕ್ಕೆ ವಿಶೇಷ ಕಾರಣವಿದೆ. ೨೦೦೯ರ ಡಿಸೆಂಬರದಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಭಾಗವು ಮರುಭೂಮಿಯಲ್ಲ. ಇದರ ಎರಡು ಮಗ್ಗುಲಿಗೆ ಭೀಮೆಯೂ ಕೃಷ್ಣೆಯೂ ಹರಿಯುವವು. ಆದರೂ ಚೈತ್ರ ವೈಶಾಖಗಳಲ್ಲಿ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟಿ, ಬಂಡೆಗಲ್ಲಿನ ಗುಡ್ಡಗಳು ಕಾದು, ಎರೆಯ ಹೊಲಗಳು ಬಾಯಿಬಿಟ್ಟು ನಿಂತಾಗ, ನೆರಳಿಗೊಂದು ಬಳ್ಳಾರಿಜಾಲಿಯನ್ನು ಬಿಟ್ಟರೆ ಬೇರೆ ಮರ ಕಾಣದ ಹರದಾರಿ ಹರದಾರಿ ಬಯಲಿನಲ್ಲಿ ನಡೆಯುವವನಿಗೆ ಅರಬಸ್ಥಾನದ ವರ್ಣನೆಯನ್ನು ಪುಸ್ತಕದಲ್ಲಿ ಓದಬೇಕಾದ ಅವಶ್ಯಕತೆ ಉಳಿಯುವದಿಲ್ಲ. ಇಂಥ ಬಯಲಿನಲ್ಲಿಯೇ ಕೆರೆ ಕಟ್ಟೆ ಕಾಲುವೆಗಳ ಕೆಲಸ ನಡೆದದ್ದು. ಸುಗ್ಗಿ ತೀರಿದೊಡನೆ ಮನೆಗೆ ಬೀಗ ಹಾಕಿ, ಮುದುಕರನ್ನು ಜಗಲಿಯ ಮೇಲೆ ಬಿಟ್ಟು, ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರೂ ಇಲ್ಲಿಯವರೇ. ಹೀಗೆ ಕಟ್ಟುವ ಕೆಲಸವನ್ನು ಇಷ್ಟು ಹತ್ತಿರದಿಂದ ಬಲ್ಲ ನಾಡಿನಲ್ಲಿ ಆ ಕೆಲಸದ ಒಂದು ದಿನವು ಬೆಳಗಿನಿಂದ ಬೈಗಿನ ವರೆಗೆ ಯಾವ ಗ್ರಂಥದಲ್ಲಿ ತುಂಬಾಗಿ ಬಂದಿದೆ ಎಂದು ಹುಡುಕಿದರೆ ಕೈಗೆ ಸಿಕ್ಕುವದು ಅಲ್ಪ.

ಹಳೆಯ ಬರಹಗಳಲ್ಲಿ ಕೆಲಸಗಾರನು ಕಾಣಿಸಿಕೊಂಡ ಕಡೆಗಳೆಂದರೆ ಹೆಚ್ಚಾಗಿ ಲೆಕ್ಕದ ರೂಪದಲ್ಲಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವು ಕೆರೆಯ ಗುಣದೋಷಗಳನ್ನು ಶಾಸ್ತ್ರೋಕ್ತವಾಗಿ ಎಣಿಸಿ, ದಿನವೊಂದಕ್ಕೆ ೧೦೦೦ ಆಳುಗಳು ದುಡಿದರೆಂದೂ, ಕಲ್ಲು ಸಾಗಿಸುವದಕ್ಕೆ ೧೦೦ ಬಂಡಿಗಳು ತೊಡಗಿದ್ದವೆಂದೂ, ಕೆಲಸವು ೨ ವರ್ಷಗಳಲ್ಲಿ ಮುಗಿಯಿತೆಂದೂ ಹೇಳುವದು. ಕೂಲಿಗಾರರ ಸಂಖ್ಯೆಯನ್ನಾದರೂ ಕೊಡುವ ಶಾಸನಗಳೇ ವಿರಳವಾದ್ದರಿಂದ ಇದನ್ನು ಮೆಚ್ಚತಕ್ಕದ್ದೇ. ಸುಮಾರು ಒಂದೂವರೆ ಶತಮಾನದ ಮೇಲೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ದೊಡ್ಡ ಕೆರೆಯೊಂದರ ಕೆಲಸವನ್ನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನರು ನೆಲವೇ ಕಾಣದಂತೆ ಇರುವೆಗಳ ಹಾಗೆ ಮುತ್ತಿದ್ದರೆಂದು ಅವನು ಬರೆದಿರುವನು. ಕೆರೆಯು ಎರಡು ಮೂರು ಸಲ ಒಡೆದುಹೋಗಲು, ಬ್ರಾಹ್ಮಣರ ಮಾತಿನಂತೆ ೬೦ ಜನ ಮನುಷ್ಯರನ್ನೂ ಕೆಲವು ಕುದುರೆ ಕೋಣಗಳನ್ನೂ ಅಲ್ಲಿ ಬಲಿಯಾಗಿ ಕೊಡಿಸಿದರೆಂಬ ಸಂಗತಿಯನ್ನೂ ಅವನೇ ತಿಳಿಸುವನು.

ಪಾಯೆಸನ ಉಪಮಾನವನ್ನು ಸ್ವಲ್ಪ ನಿಂತು ನೋಡಬೇಕು. ದೂರದ ದಿನ್ನೆಯ ಮೇಲೆ ನಿಂತವನಿಗೆ ಕೆಲಸಗಾರರು ಇರುವೆಗಳಂತೆ ತೋರುವದು ಸಹಜವೇ. ಆ ಮೇಲಿನ ಕಾಲದ ಲೇಖಕರು ಎಷ್ಟೋ ಜನರು ಅದೇ ದಿನ್ನೆಯನ್ನು ಬಿಟ್ಟು ಇಳಿಯಲಿಲ್ಲ. ಜಲಾಶಯದ ವರ್ಣನೆ ಎಲ್ಲಿಯೇ ಬರಲಿ, ಇರುವೆಯ ಸಾಲು ತಪ್ಪದು. ಇರುವೆಗೆ ಬಾಯಾರಿಕೆಯಿಲ್ಲ, ಊರಿನ ಸಾಲವಿಲ್ಲ, ತೊಟ್ಟಿಲ ಕೂಸು ಇಲ್ಲ. ಆದುದರಿಂದ ಉಪಮಾನವು ಬಹು ಸುಲಭವಾಗಿ ಕೆಲಸ ಮಾಡುವದು.

ವೀರಶೈವ ಸಾಹಿತ್ಯದಲ್ಲಿ ಮಾತ್ರ ಕಟ್ಟೆಯ ಕೆಲಸವು ಕತೆಯ ರಂಗಸ್ಥಳವೇ ಆದ ಒಂದು ಪ್ರಸಂಗವಿದೆ. ಸೊನ್ನಲಿಗೆಯ, ಎಂದರೆ ಈಗಿನ ಸೊಲ್ಲಾಪುರದ, ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ ಕರ್ಮಯೋಗಿ. ರಾಘವಾಂಕನು ಅವನ ಚರಿತೆಯನ್ನು ಕಾವ್ಯವಾಗಿ ಹಾಡಿದನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಆ ಕೆರೆಯ ಏರಿಯ ಮೇಲೆ ಬಂದು, ಸಿದ್ಧರಾಮನನ್ನು ಒಡ್ಡನೆಂದು ಹೆಸರಿಟ್ಟು ಕೂಗುವನು. ತಮ್ಮ ಗುರುವಿಗಾದ ಅವಮಾನವನ್ನು ತಾಳಲಾರದೆ ಕೆಲಸಗಾರರು ಅಗೆಯುವದನ್ನು ನಿಲ್ಲಿಸಿ ಕಲ್ಲುಗಳನ್ನೆತ್ತಿ ಅಲ್ಲಮನ ಮೇಲೆ ಬೀರುವರು. ಕಲ್ಲು ಅವನನ್ನು ಮುಟ್ಟುವದಿಲ್ಲ. ಇಲ್ಲಿಂದ ಮುಂದೆ ಕತೆಯು ಆ ಇಬ್ಬರು ಮಹಾಪುರುಷರ ಸಂವಾದಕ್ಕೆ ಏರಿಹೋಗುವದು. ಕಲ್ಲು ಬೀರಿದವರು ಸಂವಾದದ ಹೊರಗೆ ಉಳಿಯುವರು. ಹೊರಗಿನ ಕೆರೆಯನ್ನು ಕಟ್ಟಿ ಫಲವೇನು, ಒಳಗನ್ನು ಅರಿಯಬೇಕಲ್ಲವೆ ಎಂಬ ಅಲ್ಲಮನ ವಿಚಾರವು ಆಳವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಲೆಯ ಮೇಲೆ ಕೊಡ ಹೊತ್ತು ಎರಡು ಮೈಲು ನಡೆಯುವ ಹೆಂಗಸನ್ನು ಆ ಸಂವಾದದಲ್ಲಿ ಸೇರಿಸಿಕೊಂಡಿದ್ದರೆ ಅದು ಯಾವ ದಾರಿ ಹಿಡಿಯುತ್ತಿತ್ತೋ! ಅದಿರಲಿ, ಕೆಲಸಗಾರರು ಸಿಟ್ಟಿಗೇಳುವ, ಒಟ್ಟಾಗಿ ಕೈಯೆತ್ತುವ, ತಮ್ಮವನ ಮಾನವನ್ನು ತಮ್ಮ ಮಾನವೆಂದು ಬಗೆಯುವ ಚಿತ್ರವಾದರೂ ಇಲ್ಲಿ ಇದೆ. ‘ಒಡ್ಡ’ ಎಂಬ ಶಬ್ದವು ಆ ಕಾಲಕ್ಕೇ ಬೈಗಳಾಗಿ ಕೇಳುತ್ತಿತ್ತೆಂಬ ಕಹಿಯಾದ ಸಾಕ್ಷ್ಯವೂ ಇದರಲ್ಲಿಯೇ ಇದೆ.

ಇದಕ್ಕೆ ಎದುರಾಗಿ ಸುರಪುರದ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನನ್ನು ನೆನೆಯಬಹುದು. ಅವನು ನೇಕಾರನು. ನೇಯ್ಗೆಯನ್ನು ಕುರಿತು ಬೇರೊಬ್ಬ ಕವಿ ಬಂದು ಬರೆಯಬೇಕಾಗಲಿಲ್ಲ. ಮಗ್ಗದ ಮುಂದೆ ಕುಳಿತ ಕೈಯೇ ವಚನವನ್ನೂ ನೆಯ್ದಿತು. ಅಂಬಿಗ, ಮಡಿವಾಳ, ಮಾದಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವವಳು ಹೀಗೆ ಅನೇಕ ಕಾಯಕಗಳು ಆ ಯುಗದಲ್ಲಿ ತಮ್ಮ ಬಾಯಿಂದ ತಾವೇ ಮಾತಾಡಿದವು. ನೇಕಾರನಿಗೆ ಮನೆಯಿತ್ತು, ಮನೆಯಲ್ಲಿ ಮಗ್ಗವಿತ್ತು. ಕಲ್ಲು ಮಣ್ಣಿನ ಕಾಯಕದವನಿಗೆ ಕೆಲಸವಿದ್ದಲ್ಲಿ ಬಿಡಾರ. ಕೆಲಸ ಮುಗಿದರೆ ಬಿಡಾರವೂ ಕಿತ್ತಿತು. ಅವನ ಮಾತನ್ನು ಬರೆದಿಡುವ ಊರು ಅವನಿಗೆ ಇರಲಿಲ್ಲವೆಂಬುದು ಅದು ಉಳಿಯದಿದ್ದುದಕ್ಕೆ ಒಂದು ಕಾರಣವಾಗಿರಬಹುದು.

ಉತ್ತರ ಕರ್ನಾಟಕದ ಹೆಂಗಸರ ಬಾಯಲ್ಲಿ ಬೆಳೆದು ಬಂದ ‘ಕೆರೆಗೆ ಹಾರ’ ಎಂಬ ಕಥನಗೀತವನ್ನು ಇಲ್ಲಿ ಸಾವಕಾಶವಾಗಿ ನೋಡತಕ್ಕದ್ದು. ಕತೆಯು ಎಲ್ಲರಿಗೂ ಗೊತ್ತಿದ್ದದ್ದೇ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸುವನು. ಒಂದು ಹನಿ ನೀರು ಬೀಳದು. ಹೊತ್ತಿಗೆ ತೆಗೆಸಿ ಕೇಳಲು, ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದು ಬರುವದು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ಕೊರತೆಯೆಂದು ಕಿರಿಯವಳಾದ ಭಾಗೀರತಿಯನ್ನು ಗೊತ್ತುಮಾಡುವರು. ಅವಳು ತವರಿಗೆ ಹೋಗಿ ತಂದೆಯ ಮುಂದೆ ನಿಜವನ್ನು ನುಡಿಯಲಾರದೆ ಮರಳುವಳು. ಗೆಳತಿಯ ಮುಂದೆ ಮಾತ್ರ ಬಾಯಿಬಿಡುವಳು. ಪೂಜೆ ಮುಗಿದ ಮೇಲೆ ಮರೆತು ಬಂದ ಬಂಗಾರದ ಬಟ್ಟಲನ್ನು ತರಲೆಂದು ಅವಳನ್ನೇ ಹಿಂದಕ್ಕೆ ಕಳಿಸುವರು. ಮೆಟ್ಟಲು ಮೆಟ್ಟಲಿಗೂ ನೀರು ಏರುವದು. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು, ಮನೆಯವರ ಸುಳ್ಳನ್ನು ದಾಟಿ, ಗೆಳತಿಯಿಂದ ನಿಜವನ್ನರಿತು, ಅದೇ ಕೆರೆಗೆ ಹಾರುವನು.

ಈ ಗೀತವನ್ನು ತ್ಯಾಗದ ಕಾವ್ಯವೆಂದು ಕೊಂಡಾಡುವ ರೂಢಿಯಿದೆ. ಆ ರೂಢಿಯು ಗೀತಕ್ಕೆ ಅನ್ಯಾಯವನ್ನೇ ಮಾಡಿದೆ. ಭಾಗೀರತಿಯು ತಾನಾಗಿ ಕೊಟ್ಟದ್ದು ಏನೂ ಇಲ್ಲ; ಅವಳಿಂದ ತೆಗೆದುಕೊಂಡದ್ದು. ಆ ಭೇದವನ್ನು ಹಾಡಿದ ಹೆಂಗಸರು ಚೆನ್ನಾಗಿ ಬಲ್ಲರು. ಆದಕಾರಣವೇ ಬಂಗಾರದ ಬಟ್ಟಲಿನ ಕಪಟವನ್ನು ಅವರು ಮರೆಮಾಚದೆ ಹಾಡಿರುವರು, ಅತ್ತೆಮಾವಂದಿರ ಬಾಯಲ್ಲಿ ಮಗನಿಗೆ ಸುಳ್ಳನ್ನು ಹೇಳಿಸಿರುವರು, ಕೊನೆಯಲ್ಲಿ ಊರಿಗೆ ನೀರಾಯಿತೆಂಬ ಸಂತೋಷವನ್ನು ಹಾಡದೆ ಇನ್ನೊಂದು ಸಾವನ್ನು ಹಾಡಿರುವರು. ಪಾಯೆಸನ ಬರಹದಲ್ಲಿ ಅರವತ್ತು ಜನರ ಕೊಲೆಯು ಎರಡು ವಾಕ್ಯಗಳಲ್ಲಿ ಮುಗಿದುಹೋಗುವದು. ಈ ಗೀತದಲ್ಲಿ ಒಬ್ಬಳ ಕೊಲೆಗೆ ಇಡಿಯ ಕಾವ್ಯವೇ ಬೇಕಾಯಿತು.

ಆದರೆ ಇಲ್ಲಿ ವಿಮರ್ಶಕರು ಅಷ್ಟಾಗಿ ಗಮನಿಸದ ಒಂದು ಸಂಗತಿಯಿದೆ. ಭಾಗೀರತಿಯು ಸಾವಿಗೆ ಹೋಗುವ ಮುನ್ನ ಮನೆಯ ಕೆಲಸಗಳಾವುವೂ ತಪ್ಪುವದಿಲ್ಲ: ಕಾಳು ಹಸನು ಮಾಡುವದು, ನೀರು ಕಾಯಿಸುವದು, ಅಡಿಗೆ, ಪೂಜೆಯ ಸಾಹಿತ್ಯವನ್ನು ಅಣಿಗೊಳಿಸುವದು. ಅಳುತ್ತಲೇ ಆ ಕೆಲಸಗಳು ಸಾಗುವವು. ನೋಡಿದವರು ಕೇಳಿದರೆ ಅಳುವಿಗೆ ಬೇರೆ ಕಾರಣವನ್ನು ಕೊಡುವಳು. ಕರುಳು ಕಿವುಚುವ ಭಾಗವೆಂದರೆ ಇದೇ. ಅದರ ಬಲವು ಎಲ್ಲಿಂದ ಬಂತು? ಹಾಡಿದವರಿಗೆ ಆ ಕೆಲಸವು ಗೊತ್ತಿತ್ತು. ಯಾವುದರ ಮೇಲೆ ಯಾವುದು, ಎಷ್ಟು ಹೊತ್ತು, ಯಾವ ಪಾತ್ರೆ ಎಂಬುದನ್ನು ಕೈಯೇ ಬಲ್ಲದು. ಅದೇ ಗೀತದಲ್ಲಿ ಕೆರೆಯ ಕೆಲಸಕ್ಕೆ ಸಿಕ್ಕ ಜಾಗವಾದರೋ ಮೊದಲಿನ ಒಂದೆರಡು ನುಡಿಗಳು ಮಾತ್ರ; ಮತ್ತೆ ಅದೇ ಪ್ರೇರಣಾರ್ಥಕ. ಯಾರು ಅಗೆದರು? ನೀರು ಬೀಳದ ಆ ಕೆರೆಯಲ್ಲಿ ಕೆಲಸ ಮಾಡಿದವರು ಏನು ಕುಡಿದರು? ಗೌಡನ ಮನೆಯ ಒಳಗಿನಿಂದ ಹುಟ್ಟಿದ ಗೀತಕ್ಕೆ ಅದು ಕಾಣಿಸುವಂತಿರಲಿಲ್ಲ. ಇದು ಗೀತದ ದೋಷವಲ್ಲ. ತಾನು ಬಲ್ಲದ್ದನ್ನು ಬಲ್ಲಷ್ಟು ಹೇಳಿದ ಪ್ರಾಮಾಣಿಕತೆಯೇ ಅದರ ಹಿರಿಮೆಯು. ಕೆಲಸವನ್ನು ಬಲ್ಲವರ ಬಾಯಿಂದ ಬಂದಾಗ ಕೆಲಸದ ವಿವರವು ಎಂಥ ಕಾವ್ಯವಾಗಬಲ್ಲದೆಂಬುದನ್ನೂ ಅದೇ ತೋರಿಸಿಕೊಟ್ಟಿದೆ.

ಇನ್ನು ಸುರಪುರಕ್ಕೇ ಬಂದರೆ, ಕರ್ನಲ್ ಮೆಡೋಸ್ ಟೇಲರನ ಆತ್ಮಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೮೦೮ರಲ್ಲಿ ಲಿವರಪೂಲಿನಲ್ಲಿ ಹುಟ್ಟಿದ ಈತನು ಬಾಲಕ ರಾಜಾ ವೆಂಕಟಪ್ಪನಾಯಕನ ಅಪ್ರಾಪ್ತವಯಸ್ಸಿನಲ್ಲಿ, ೧೮೪೨ರಿಂದ ೧೮೫೩ರ ವರೆಗೆ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಅವನ ಆತ್ಮಕಥೆಯು ಅವನು ತೀರಿಕೊಂಡ ಮರುವರ್ಷ, ೧೮೭೭ರಲ್ಲಿ, ಮಗಳ ಕೈಯಿಂದ ಪ್ರಕಟವಾಯಿತು. ಎಂಜಿನಿಯರಿಕೆಯನ್ನೂ ಭೂಮಾಪನವನ್ನೂ ತಾನೇ ಕಲಿತುಕೊಂಡ ಮನುಷ್ಯನಾದ್ದರಿಂದ ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ಸುಧಾರಿಸಿದನು. ಗುಡ್ಡದ ಮೇಲಿನ ಅವನ ಬಂಗಲೆಯು ಈಗಲೂ ಟೇಲರ ಮಂಜಿಲವೆಂಬ ಹೆಸರಿನಿಂದ ನಿಂತಿದೆ. ಗ್ರಂಥದ ಶೈಲಿಯು ತಿಳಿಯಾದುದು. ಈ ನಾಡನ್ನೂ ಇಲ್ಲಿಯ ಜನರನ್ನೂ ಅವನು ಪ್ರೀತಿಸಿದನೆಂಬುದು ಪುಟಪುಟಕ್ಕೂ ತೋರುವದು. ಜೇವರ್ಗಿಯ, ರಾಜನಕೋಳೂರಿನ ಹಳೆಯ ಶಿಲಾಸಮಾಧಿಗಳನ್ನು ಅಗೆಸಿ ನೋಡಿದವರಲ್ಲಿ ಅವನು ಮೊದಲಿಗನು. ಆದರೆ ಎಷ್ಟಾದರೂ ಅದು ಆಡಳಿತಗಾರನ ಬರಹವು. ಕೆರೆಯ ವಿಸ್ತಾರ, ಅದರಿಂದಾದ ಉಪಯೋಗ, ತನ್ನ ಬೇಸರ, ತನ್ನ ತೃಪ್ತಿ ಇವು ಅದರ ವಿಷಯ. ಮಣ್ಣು ಹೊತ್ತವರ ದಿನಚರಿಯನ್ನು ಅವನಿಂದ ಕೇಳುವದು ನ್ಯಾಯವಲ್ಲ. ಆ ಹೊಣೆಯು ಕನ್ನಡದಲ್ಲಿ ಬರೆಯುವವರದು.

ಆ ಹೊಣೆಯನ್ನು ಹೊರುವದಕ್ಕೆ ಒಳ್ಳೆಯ ಸಂದರ್ಭವು ಈ ಜಿಲ್ಲೆಗೆ ಬಾರದೆ ಇರಲಿಲ್ಲ. ಕೃಷ್ಣಾ ಮೇಲ್ದಂಡೆಯ ಯೋಜನೆಗೆ ೧೯೬೪ರಲ್ಲಿ ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟರು. ಆಗ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿದ ನಾರಾಯಣಪುರದ ಕಟ್ಟೆಯು ೧೯೮೨ರ ಹೊತ್ತಿಗೆ ಮುಗಿಯಿತು. ನಡುವೆ ೩೦ ಬಾಗಿಲುಗಳ ಕಲ್ಲುಕಟ್ಟೆ, ಎರಡೂ ಕಡೆಗೆ ಮಣ್ಣಿನ ಏರಿ. ಒಟ್ಟು ಉದ್ದವು ೧೦ ಕಿಲೋಮೀಟರಿಗೂ ಮಿಕ್ಕಿದುದು. ಅಲ್ಲಿಂದ ಎಡದಂಡೆಯ ಕಾಲುವೆಯೂ ಅದರ ಶಹಾಪುರ ಶಾಖೆಯೂ ಮುಂದಿನ ಅನೇಕ ವರ್ಷಗಳ ವರೆಗೆ ಬಯಲನ್ನು ಸೀಳಿಕೊಂಡು ಬಂದವು. ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ?

ಇಂಥ ಕಟ್ಟೆಯ ಕೆಲಸವು ಹೇಗೆ ನಡೆಯುವದೆಂಬುದು ಊರಿನಲ್ಲಿ ಕುಳಿತು ಓದುವವರಿಗೆ ಅಷ್ಟಾಗಿ ತಿಳಿಯದು. ಮಣ್ಣಿನ ಏರಿಯೆಂದರೆ ಮಣ್ಣು ತಂದು ಸುರುವಿದ ಗುಡ್ಡೆಯಲ್ಲ. ಒಡಲಿಗೆ ನೀರು ಬಿಡದ ಎರೆಮಣ್ಣು, ಅದರ ಮೈಮೇಲೆ ಗರಸು, ನೀರಿನ ಕಡೆಗೆ ಕಲ್ಲಿನ ಹೊದಿಕೆ. ಒಂದೊಂದು ಪದರವನ್ನೂ ಹದವಾಗಿ ತೋಯಿಸಿ ದಮ್ಮಸ್ಸು ಮಾಡಬೇಕು. ನೀರು ಹೆಚ್ಚಾದರೆ ಮಣ್ಣು ಜಾರುವದು, ಕಡಿಮೆಯಾದರೆ ಕೂಡಿಕೊಳ್ಳದು. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ ನಿಂತಿತೆ, ಒಡೆಯಿತೆ ಎಂದು ನೋಡಿ ಹೇಳುವ ಮುದುಕ ಮೇಸ್ತ್ರಿಯ ಅಂಗೈಗೆ ಇರುವ ಜ್ಞಾನವು ಸಣ್ಣದಲ್ಲ. ಕೂಲಿಯಾದರೂ ಎಷ್ಟೋ ಕಡೆ ದಿನದ ಮೇಲೆ ಇರುವದಿಲ್ಲ, ಅಗೆತದ ಮೇಲೆ ಇರುವದು. ನೂರು ಘನ ಅಡಿಗೆ ಒಂದು ಬ್ರಾಸು. ಅಗೆದ ಗುಂಡಿಯ ನಡುವೆ ಹಳೆಯ ನೆಲದ ಎತ್ತರಕ್ಕೆ ಮಣ್ಣಿನ ದಿಂಡೊಂದನ್ನು ಬಿಟ್ಟಿರುವರು. ಅಳತೆಯವನು ಬಂದು ಅದಕ್ಕೆ ಪಟ್ಟಿ ಹಿಡಿದು ಆಳವನ್ನು ಗುರುತಿಸುವನು. ಅದುವರೆಗೆ ಆ ದಿಂಡನ್ನು ಕೂಸಿನಂತೆ ಕಾಯಬೇಕು. ಆಡುವ ಮಗುವೊಂದು ಅದರ ತಲೆಯನ್ನು ಒದ್ದು ಕೆಡವಿದರೆ ಅಂಗುಲದ ಲೆಕ್ಕದಲ್ಲಿ ತಾಯಿತಂದೆಗಳ ಕೂಲಿಯು ಹೋಯಿತು. ಆ ಮಣ್ಣಿನ ದಿಂಡಿಗೆ ಕನ್ನಡದ ಕತೆಯಲ್ಲಿ ಇನ್ನೂ ತಕ್ಕ ಸ್ಥಾನ ಸಿಕ್ಕಿಲ್ಲ. ಸಿಕ್ಕಿದ್ದರೆ, ಬಡತನವನ್ನು ವರ್ಣಿಸುವ ಎಷ್ಟೋ ಪುಟಗಳು ಬೇಕಾಗುತ್ತಿರಲಿಲ್ಲ.

ದಿನವು ಬೆಳಕು ಹರಿಯುವ ಮೊದಲೇ ತೊಡಗುವದು. ರೊಟ್ಟಿಯನ್ನು ರಾತ್ರಿಯೇ ಬಡಿದಿಟ್ಟಿರಬೇಕು. ಹಿಂಡಿ, ಉಳ್ಳಾಗಡ್ಡಿ, ಇದ್ದರೆ ಪುಂಡಿಪಲ್ಯ. ಮುಕಾದಮನ ಹಾಜರಿಗೆ ಮೊದಲು ನೀರಿನ ಹಾಜರಿ: ಪೀಪಾಯಿಯಲ್ಲಿ ಬಂದ ನೀರನ್ನು ಕೊಡಕ್ಕೆ ತುಂಬಿಸಿಕೊಳ್ಳದಿದ್ದರೆ ಬೈಗಿನ ವರೆಗೆ ಬಾಯಾರಿಕೆಯೇ ಗತಿ. ತಟ್ಟಿಯ ಗುಡಿಸಲು ಹಗಲಲ್ಲಿ ಒಲೆಯಾಗುವದರಿಂದ ಹಸುಗೂಸಿನ ಜೋಳಿಗೆಯನ್ನು ಜಾಲಿಯ ಕೊಂಬೆಗೆ ಕಟ್ಟುವರು. ನೆರಳು ಸರಿದ ಹಾಗೆ ಜೋಳಿಗೆಯನ್ನೂ ಸರಿಸಲು ಐದಾರು ವರ್ಷದ ಅಕ್ಕನು ಕಾವಲು. ಗಂಡಸು ಅಗೆದು ತುಂಬುವನು, ಹೆಂಗಸು ಹೊರುವಳು. ಬುಟ್ಟಿ ಎತ್ತಿ ಕೊಡುವವನ ಕೈಗೂ ಇಳುಹಿ ಹೊರಡುವವಳ ಹೆಜ್ಜೆಗೂ ಒಂದು ತಾಳವಿರುವದು. ನಡುಹಗಲಲ್ಲಿ ಹಾರೆಯ ಹಿಡಿಯನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಆಗ ಎರಡು ತಾಸು ಬಿಡುವು. ಸಂಜೆಯ ತಂಪಿನಲ್ಲಿ ಮತ್ತೆ ಕತ್ತಲಾಗುವ ವರೆಗೆ. ಬಟವಾಡೆಯ ದಿನ ಮುಂಗಡದ ಕಡಿತ ಕಳೆದು ಉಳಿದುದು ಸಂತೆಗೆ. ನೆರೆಯ ಹಿಂದಿನ ಮಹಬೂಬನಗರ ಜಿಲ್ಲೆಯಿಂದ, ಎಂದರೆ ಪಾಲಮೂರಿನಿಂದ, ಗುಂಪು ಕಟ್ಟಿಕೊಂಡು ಹೋಗುವ ಕೂಲಿಗಾರರು ದೇಶದ ಅಣೆಕಟ್ಟುಗಳ ಮೇಲೆಲ್ಲ ಹೆಸರಾದವರು. ಮಖ್ತಲ, ನಾರಾಯಣಪೇಟೆಗಳ ಆ ಸೀಮೆಯಲ್ಲಿ ಕನ್ನಡ ತೆಲುಗುಗಳು ಒಂದೇ ಮನೆಯಲ್ಲಿ ಬೆರೆತು ನಡೆಯುವವು. ಕೆಲಸದ ಜಾಗದ ಮಾತೂ ಅಂಥದೇ, ಎರಡು ಭಾಷೆಯ ಶಬ್ದಗಳು ಒಂದೇ ಬುಟ್ಟಿಯಲ್ಲಿ. ಬೇಸಿಗೆಯಲ್ಲಿ ಕಲಬುರ್ಗಿ ವಿಭಾಗದ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ ೮ರಿಂದ ಮಧ್ಯಾಹ್ನ ೧-೩೦ರ ವರೆಗೆ ವೇಳೆಯನ್ನು ಬದಲಿಸುವ ಪದ್ಧತಿಯಿದೆ. ಬಿಸಿಲು ಫೈಲಿನ ಮೇಲೆ ಬೀಳದಿದ್ದರೂ ಅದಕ್ಕೆ ಆಜ್ಞೆ ಹೊರಡುವದು. ಬಯಲಿನ ಕೆಲಸಕ್ಕೆ ಸೂರ್ಯನೇ ಆಜ್ಞಾಪಕನು.

ಇಷ್ಟೂ ಸಂಗತಿಗಳು ಕಾದಂಬರಿಗೆ ಕಾದು ಕುಳಿತಿರುವಾಗ ಕನ್ನಡದ ಬರಹಗಾರರು ಇವುಗಳ ಅಂಚಿನ ವರೆಗೆ ಬಂದು ನಿಂತದ್ದೇ ಹೆಚ್ಚು. ಶಿವರಾಮ ಕಾರಂತರ ‘ಚೋಮನ ದುಡಿ’ಯು (೧೯೩೩) ದುಡಿಯುವವನ ಬಾಳನ್ನು ಕನ್ನಡ ಕಾದಂಬರಿಯ ನಡುಮನೆಗೆ ತಂದ ಮೊದಲಿನ ಕೃತಿಗಳಲ್ಲಿ ಒಂದು. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿಯ ತೋಟಕ್ಕೆ ಹೋಗುವರು. ಒಬ್ಬನು ಮರಳುವದಿಲ್ಲ, ಇನ್ನೊಬ್ಬನು ಜ್ವರವನ್ನು ಹೊತ್ತು ಬಂದು ಸಾಯುವನು. ದೂರದ ಕೆಲಸವು ಮನೆಗೆ ಬರುವದು ಜ್ವರವಾಗಿ, ಸಾಲವಾಗಿ. ಮನೆಯಲ್ಲಿ ಕಾಯುವವನ ಕಣ್ಣಿನಿಂದ ಇದಕ್ಕಿಂತ ಚೆನ್ನಾಗಿ ಬರೆಯಲಾಗದು. ಆದರೂ ತೋಟದ ದಿನವು ಅಲ್ಲಿ ಹಿನ್ನೆಲೆಯೇ. ಕಲಬುರ್ಗಿಯ ಸೀಮೆಯವರೇ ಆದ ಗೀತಾ ನಾಗಭೂಷಣರ ‘ಬದುಕು’ (೨೦೦೧), ೨೦೦೪ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾದಂಬರಿಯು, ಈ ಭಾಗದ ಕೆಳವರ್ಗದ ಜನರ ಆಡುನುಡಿಗೆ ಸಾಹಿತ್ಯದಲ್ಲಿ ಮಾನ್ಯತೆಯನ್ನು ತಂದುಕೊ೟್ಟಿತು. ಆ ನುಡಿಯು ಬಂದ ಮೇಲೆ ಆ ನುಡಿಯವರ ಕೆಲಸವೂ ಬರುವದಕ್ಕೆ ದಾರಿಯು ತೆರೆದಂತಾಗಿದೆ.

ಹೊರಗಿನ ಎರಡು ಗ್ರಂಥಗಳನ್ನು ಹೋಲಿಕೆಗಾಗಿ ತೆಗೆದುಕೊಳ್ಳಬಹುದು. ಬೆನ್ಯಾಮಿನರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (೨೦೦೮) ಕೇರಳದ ನಜೀಬನ ಕತೆ. ಊರ ಹೊಳೆಯಲ್ಲಿ ಉಸುಕು ತೆಗೆಯುತ್ತಿದ್ದ ಅವನು ಅರಬಸ್ಥಾನದಲ್ಲಿ ಕೆಲಸ ಸಿಕ್ಕುವದೆಂದು ನಂಬಿ ಹೋಗಿ, ನಡುಮರಳಿನ ಆಡುದೊಡ್ಡಿಯಲ್ಲಿ ಸೆರೆಯಾಗುವನು. ಈ ಕಾದಂಬರಿಯ ಯಶಸ್ಸಿನ ಗುಟ್ಟು ಮರುಭೂಮಿಯ ವರ್ಣನೆಯಲ್ಲಿ ಇಲ್ಲ. ಮೊದಲ ದಿನವೇ ಶೌಚಕ್ಕೆ ನೀರು ಮುಟ್ಟಿದುದಕ್ಕಾಗಿ ನಜೀಬನು ಏಟು ತಿನ್ನುವನು. ಹೊಳೆಯ ನೀರಿನಲ್ಲಿ ದಿನವೆಲ್ಲ ನಿಂತು ದುಡಿದವನಿಗೆ ಬಿದ್ದ ಆ ಏಟಿನಿಂದ ಓದುಗನಿಗೆ ಇಡಿಯ ಮರಳುಗಾಡು ಗೊತ್ತಾಗಿಬಿಡುವದು. ಲೇಖಕರು ತಾವೇ ಬಹುಕಾಲ ಬಹರೈನಿನಲ್ಲಿ ಇದ್ದವರು. ಯಾವ ವಿವರವನ್ನು ಆರಿಸಬೇಕೆಂಬುದನ್ನು ಬಲ್ಲರು. ಅಬ್ದುಲ್ ರಹಮಾನ ಮುನೀಫನ ಅರಬಿ ಕಾದಂಬರಿ ‘ಉಪ್ಪಿನ ನಗರಗಳು’ (೧೯೮೪) ಎಣ್ಣೆಯ ಕಂಪನಿಗಾಗಿ ಕಡಲದಂಡೆಯಲ್ಲಿ ಎದ್ದ ಹರ್ರಾನವೆಂಬ ಊರನ್ನು ಚಿತ್ರಿಸುವದು. ಅಲ್ಲಿ ಅಮೇರಿಕದವರ ಹರ್ರಾನ ಒಂದು, ಅದನ್ನು ಕಟ್ಟಿದ ಅರಬರ ಹರ್ರಾನ ಇನ್ನೊಂದು. ಸಂಯುಕ್ತ ಅರಬ ಸಂಸ್ಥಾನಗಳಲ್ಲಿ ಜೂನ್ ೧೫ರಿಂದ ಸಪ್ಟಂಬರ ೧೫ರ ವರೆಗೆ ಮಧ್ಯಾಹ್ನ ೧೨-೩೦ರಿಂದ ೩ರ ವರೆಗೆ ಬಿಸಿಲಿನ ಕೆಲಸವನ್ನು ತಡೆಯುವ ನಿಯಮವು ಬಂದಿರುವದು. ಅಂಥ ನಿಯಮಗಳ ಹಿಂದೆ ಎಷ್ಟು ಜನರ ಮೈ ಬೆಂದಿರಬೇಕೆಂಬುದನ್ನು ಮುನೀಫನಂಥವರ ಪುಟಗಳಿಂದ ಊಹಿಸಬಹುದು.

ಕನ್ನಡದಲ್ಲಿ ಇಂಥ ಬರಹವು ವಿರಳವಾಗಲು ಕರುಣೆಯ ಕೊರತೆಯೇ ಕಾರಣವೆಂದು ಯಾರೂ ಹೇಳಲಾರರು. ಕರುಣೆಯು ಬೇಕಾದಷ್ಟು ಇದೆ. ಕೂಲಿಗಾರನನ್ನು ಕುರಿತ ಕವಿತೆಗಳಲ್ಲಿ ಬೆವರು, ಕಣ್ಣೀರು, ನೆತ್ತರು ಈ ಮೂರು ದ್ರವಗಳು ಧಾರಾಳವಾಗಿ ಹರಿಯುವವು. ಕುಡಿಯುವ ನೀರು ಮಾತ್ರ ಕಾಣುವದಿಲ್ಲ. ಬೆವರನ್ನು ಬರೆಯುವವನಿಗೆ ಹಾರೆ ಹಿಡಿದ ಕೈಯ ಬಲ್ಲತನವು ಕಾಣದೆ ಹೋದರೆ, ಕೆಲಸಗಾರನು ದಯೆಗೆ ಪಾತ್ರನಾದ ದೇಹವಾಗಿ ಉಳಿಯುವನೇ ಹೊರತು, ಒಂದು ಕೆಲಸವನ್ನು ಬಲ್ಲ ಮನುಷ್ಯನಾಗಿ ನಿಲ್ಲುವದಿಲ್ಲ. ಏರಿಯ ಮಣ್ಣಿನ ಹದ ಗೊತ್ತಿದ್ದ ಮೇಸ್ತ್ರಿಗೆ ದಯೆಗಿಂತ ಮೊದಲು ಸಲ್ಲತಕ್ಕದ್ದು ಗೌರವವು. ಅವನು ಕೆಟ್ಟ ಪದರವನ್ನು ಕಂಡೂ ಗುತ್ತೇದಾರನ ಅವಸರಕ್ಕೆ ಬಾಯಿ ಮುಚ್ಚಿಕೊಂಡನೆನ್ನಿ. ಆಗ ಅವನ ಮನಸ್ಸಿನಲ್ಲಿ ನಡೆದುದು ಯಾವ ಮಹಾಕಾವ್ಯದ ಧರ್ಮಸಂಕಟಕ್ಕೂ ಕಡಿಮೆಯಲ್ಲ. ಕೆಳಗಿನ ಊರುಗಳು ಆ ಪದರದ ಮೇಲೆ ನಂಬಿಕೆಯಿಟ್ಟು ಮಲಗುವವು. ಇದನ್ನು ಬರೆಯಲು ಮಣ್ಣಿನ ವಿದ್ಯೆಯು ಅಲ್ಪಸ್ವಲ್ಪವಾದರೂ ಗೊತ್ತಿರಬೇಕು.

ಇನ್ನೊಂದು ಅಡಚಣೆಯು ಭಾಷೆಯದು. ಗ್ರಂಥದ ಕನ್ನಡಕ್ಕೆ ದಮ್ಮಸ್ಸು, ಬ್ರಾಸು, ಗರಸು, ಚಾಣ, ಗೌಂಡಿ, ಬಟವಾಡೆ ಈ ಶಬ್ದಗಳು ಒರಟೆಂದು ತೋರುವವು. ಇವುಗಳಲ್ಲಿ ಕೆಲವು ಪರಭಾಷೆಯಿಂದ ಬಂದವು. ಆದರೆ ದಾಸಿಮಯ್ಯನ ಕಾಲದಲ್ಲಿ ಮಗ್ಗದ ಶಬ್ದಗಳು ಪಂಡಿತರಿಗೆ ಮಧುರವಾಗಿ ಕೇಳುತ್ತಿದ್ದವೆಂದು ನಂಬಲು ಆಧಾರವೇನೂ ಇಲ್ಲ.

ನಾರಾಯಣಪುರದ ಏರಿಯ ಮೇಲೆ ಇಪ್ಪತ್ತರ ಹರೆಯದಲ್ಲಿ ಬುಟ್ಟಿ ಹೊತ್ತವರಿಗೆ ಈಗ ಎಪ್ಪತ್ತು ದಾಟಿರುವದು. ಕಾಲುವೆಯ ನೀರು ಕಂಡ ಶಹಾಪುರ ಸುರಪುರಗಳ ಹೊಲಗಳಲ್ಲಿ ಬತ್ತದ ಗದ್ದೆಗಳು ಎದ್ದವು. ನೀರು ಮುಟ್ಟದ ಊರುಗಳ ಮೊಮ್ಮಕ್ಕಳು ಇನ್ನೂ ಗುಳೆಯ ಬಸ್ಸನ್ನು ಏರುತ್ತಿರುವರು. ಶಾಲೆಯ ಉಪಾಧ್ಯಾಯರೂ, ಜಾನಪದದ ಅಭ್ಯಾಸಿಗಳೂ ಬೀಸುವ ಹಾಡುಗಳನ್ನು ಬರೆದುಕೊಳ್ಳಲು ಯಾವ ಜಗಲಿಗಳಿಗೆ ಹೋಗಿದ್ದರೋ ಅವೇ ಜಗಲಿಗಳ ಮೇಲೆ ಈ ಮುದುಕ ಮುದುಕಿಯರು ಕುಳಿತಿರುವರು. ದಮ್ಮಸ್ಸಿನ ತಾಳಕ್ಕೆ ಹಾಡಿದ ಪದಗಳು ಇದ್ದರೆ ಅವನ್ನು, ಇಲ್ಲದಿದ್ದರೆ ಗುಂಡಿಯ ಅಳತೆಯನ್ನೂ ನೀರಿನ ಪೀಪಾಯಿ ಬರುವ ಹೊತ್ತನ್ನೂ ಅವರಿಂದ ಕೇಳಿ ಬರೆದುಕೊಳ್ಳುವದಕ್ಕೆ ಇನ್ನು ಹತ್ತು ಹನ್ನೆರಡು ವರ್ಷಗಳ ಅವಕಾಶವಿರಬಹುದು.